ವಿಪಿಎನ್ ಸರ್ವರ್ ಹೊಸದು, ಶಾಖೆಗಳ ತಂತ್ರಾಂಶ ಹಳೆಯದು: ‘ಕಂಪ್ಯಾಟ್-ಮೋಡ್’ ಹಾಕಬಹುದೇ?

ಪ್ರಶ್ನೆ (ಮಂಡ್ಯದಿಂದ):

ನಮಸ್ಕಾರ. ನಾನು ಮಂಡ್ಯದ ಒಂದು ಪತ್ತಿನ ಸಹಕಾರ ಸಂಘದಲ್ಲಿ ಕಂಪ್ಯೂಟರ್ ವ್ಯವಸ್ಥೆಯನ್ನು ನೋಡಿಕೊಳ್ಳುತ್ತೇನೆ. ನಮ್ಮ ಶಾಖೆಗಳು ಓಪನ್‌ವಿಪಿಎನ್ (ಅಂತರ್ಜಾಲದ ಮೇಲೆ ಗೂಢಲಿಪಿಯ ಖಾಸಗಿ ಸಂಪರ್ಕ ಕೊಡುವ ತಂತ್ರಾಂಶ) ಮೂಲಕ ಕೇಂದ್ರ ಕಚೇರಿಯ ಸರ್ವರ್‌ಗೆ ಸೇರುತ್ತವೆ. ಕಳೆದ ಭಾನುವಾರ ಸರ್ವರ್ ಅನ್ನು ಉಬುಂಟು 20.04ರಿಂದ 24.04ಕ್ಕೆ ಏರಿಸಿದೆ; ಅದರೊಂದಿಗೆ ಓಪನ್‌ವಿಪಿಎನ್ 2.4 ಹೋಗಿ 2.6 ಬಂತು. ಸುರಕ್ಷಿತವಲ್ಲವೆಂದು ಓದಿದ್ದರಿಂದ, ದತ್ತಾಂಶವನ್ನು ಕುಗ್ಗಿಸಿ ಕಳುಹಿಸುವ (ಕಂಪ್ರೆಷನ್) ‘ಕಾಂಪ್-ಎಲ್‌ಝಡ್‌ಒ’ ಸಾಲನ್ನೂ ತೆಗೆದೆ. ಸೋಮವಾರ ಮದ್ದೂರು ಮತ್ತು ಪಾಂಡವಪುರ ಎಂದಿನಂತೆ ಸೇರಿದವು. ಮಳವಳ್ಳಿಯಲ್ಲಿ ‘ಆತ್ ಫೇಲ್ಡ್’ (ದೃಢೀಕರಣ ವಿಫಲ) ಎಂದು ಬರುತ್ತಿದ್ದುದರಿಂದ ಅಲ್ಲಿನ ಗುಮಾಸ್ತರು ಮಧ್ಯಾಹ್ನದವರೆಗೂ ಪಾಸ್‌ವರ್ಡನ್ನೇ ಮತ್ತೆ ಮತ್ತೆ ಒತ್ತಿದರು. ನಾಗಮಂಗಲದ ರೂಟರ್ ಸಂಪರ್ಕವಾಯಿತೆಂದು ತೋರಿಸುತ್ತದೆ, ಆದರೆ ಪಿಂಗ್ (ಸಂಪರ್ಕ ಪರೀಕ್ಷೆಯ ಸಂದೇಶ) ಹೋಗುವುದಿಲ್ಲ. ‘ಕಂಪ್ಯಾಟ್-ಮೋಡ್ 2.3.6’ (ಹಳೆಯ ಆವೃತ್ತಿಗಳಿಗೆ ಹೊಂದಿಕೊಳ್ಳುವ ಆಯ್ಕೆ) ಎಂದು ಒಂದು ಸಾಲು ಬರೆದರೆ ಎಲ್ಲವೂ ಸರಿಹೋಗುತ್ತದೆ ಎಂದು ಸ್ನೇಹಿತರೊಬ್ಬರು ಹೇಳಿದರು. ಬರೆಯಲೇ?

ಉತ್ತರ (ಮೈಸೂರಿನ ನೆಟ್‌ವರ್ಕ್ ಎಂಜಿನಿಯರ್):

ದಯವಿಟ್ಟು ಬರೆಯಬೇಡಿ. ಆ ಒಂದು ಸಾಲು ಒಳಗೊಳಗೇ ನಾಲ್ಕು ಕೆಲಸ ಮಾಡುತ್ತದೆ: ಟಿಎಲ್‌ಎಸ್‌ನ (ಸಂಪರ್ಕ ಕಟ್ಟುವಾಗಿನ ಭದ್ರತಾ ನಿಯಮಾವಳಿ) ಕನಿಷ್ಠ ಮಟ್ಟವನ್ನು 1.0ಕ್ಕೆ ಇಳಿಸುತ್ತದೆ, ‘ಸೈಫರ್’ ಸಾಲಿನಲ್ಲಿರುವ ಹಳೆಯ ಗೂಢಲಿಪಿಯನ್ನು ಒಪ್ಪಿತ ಪಟ್ಟಿಗೆ ಸೇರಿಸುತ್ತದೆ, ಅದನ್ನೇ ಕೊನೆಯ ಆಸರೆಯಾಗಿಯೂ ಇಟ್ಟುಕೊಳ್ಳುತ್ತದೆ, ಕಂಪ್ರೆಷನ್‌ಗೆ ಅರ್ಧ ಬಾಗಿಲು ತೆರೆಯುತ್ತದೆ. ಒಂದು ಶಾಖೆಯ ತೊಂದರೆಗಾಗಿ ಸರಿಯಾಗಿರುವ ಶಾಖೆಗಳನ್ನೂ ಕೆಳಗಿಳಿಸಿದಂತಾಗುತ್ತದೆ. ಜನರ ಠೇವಣಿಯ ಲೆಕ್ಕ ಹರಿಯುವ ಜಾಲದಲ್ಲಿ ಇದನ್ನು ನಾನು ಒಪ್ಪಲಾರೆ. ನಿಮ್ಮ ಎರಡು ತೊಂದರೆಗಳಿಗೂ ಬೇರೆ ಬೇರೆ ಕಾರಣಗಳಿವೆ.

ಮಳವಳ್ಳಿಯ ವಿಷಯದಲ್ಲಿ ಪಾಸ್‌ವರ್ಡ್ ತಪ್ಪಿರಲಾರದು. ಎರಡೂ ಕಡೆಗೆ ಸಮಾನವಾದ ಸೈಫರ್ ಸಿಗದಿದ್ದಾಗಲೂ 2.5ರಿಂದೀಚಿನ ಸರ್ವರ್ ‘ಆತ್ ಫೇಲ್ಡ್’ ಎಂದೇ ಕಳುಹಿಸುತ್ತದೆ. ಸರ್ವರ್ ಲಾಗ್‌ನಲ್ಲಿ (ಘಟನೆಗಳ ದಾಖಲೆ) ‘ನೋ ಕಾಮನ್ ಸೈಫರ್’ ಎಂಬ ಸಾಲನ್ನು ಹುಡುಕಿ. ಕ್ಲೈಂಟ್ (ಶಾಖೆಯ ಕಡೆಯ ತಂತ್ರಾಂಶ) ಯಾವುದನ್ನು ಕೇಳಿತೆಂಬುದು ಅದೇ ಸಾಲಿನಲ್ಲಿ ಇರುತ್ತದೆ. ಅಲ್ಲಿ ‘ಬಿಎಫ್-ಸಿಬಿಸಿ’ ಕಂಡರೆ ಅದು ಬ್ಲೋಫಿಶ್, ಅಂದರೆ ಹಳೆಯ ಕ್ಲೈಂಟ್‌ಗಳಲ್ಲಿ ಸೈಫರ್ ಸಾಲೇ ಬರೆಯದಿದ್ದರೆ ತಾನಾಗಿ ಬರುತ್ತಿದ್ದದ್ದು. ಅದರ ಬ್ಲಾಕ್ (ಒಮ್ಮೆಗೆ ಗೂಢಗೊಳಿಸುವ ತುಣುಕು) ಕೇವಲ 64 ಬಿಟ್‌ನದು. ಅಷ್ಟು ಚಿಕ್ಕ ಬ್ಲಾಕ್‌ನ ದೌರ್ಬಲ್ಯವನ್ನು 2016ರಲ್ಲಿ ‘ಸ್ವೀಟ್32’ ದಾಳಿ ತೋರಿಸಿಕೊಟ್ಟಿತು. ಉಬುಂಟು 24.04ರಲ್ಲಿರುವ ಗೂಢಲಿಪಿ ತಂತ್ರಾಂಶ ಓಪನ್‌ಎಸ್‌ಎಸ್‌ಎಲ್ 3 ಬ್ಲೋಫಿಶ್ ಅನ್ನು, ತಾನಾಗಿ ಚಾಲೂ ಆಗದ ‘ಲೆಗಸಿ’ ಭಾಗಕ್ಕೆ ಸರಿಸಿರುವುದರಿಂದ ನಿಮ್ಮ ಸ್ನೇಹಿತರ ಸಾಲು ಅಲ್ಲಿ ಸಾಕಾಗುವುದೂ ಇಲ್ಲ. ಮಳವಳ್ಳಿಯದು ಸಾಮಾನ್ಯ ಪಿಸಿಯಾದರೆ ಕ್ಲೈಂಟ್ ತಂತ್ರಾಂಶವನ್ನೇ ಹೊಸದಾಗಿಸಿ.

ನಾಗಮಂಗಲದ ಫೈಲ್‌ನಲ್ಲಿ ‘ಕಾಂಪ್-ಎಲ್‌ಝಡ್‌ಒ’ ಇನ್ನೂ ಉಳಿದಿರಬೇಕು. ಆ ಆಯ್ಕೆ ಇದ್ದರೆ ಕ್ಲೈಂಟ್ ಪ್ರತಿ ಪ್ಯಾಕೆಟ್‌ನ ಮುಂದೆ ಒಂದು ಬೈಟ್ ಸೇರಿಸುತ್ತದೆ. ಸರ್ವರ್ ಅದನ್ನು ಐಪಿ ಪ್ಯಾಕೆಟ್‌ನ ಮೊದಲ ಬೈಟ್ ಎಂದೇ ಓದುತ್ತದೆ. ಕಂಪ್ರೆಸ್ ಆಗದ ಪ್ಯಾಕೆಟ್‌ಗೆ ಆ ಬೈಟ್ ಹೆಕ್ಸ್ (ಹದಿನಾರರ ಲೆಕ್ಕ) ಎಫ್‌ಎ. ಅದರ ಮೊದಲರ್ಧ, ಅಂದರೆ ಐಪಿ ಆವೃತ್ತಿ ಇರಬೇಕಾದ ಜಾಗದ ‘ಎಫ್’, 15 ಆಗುವುದರಿಂದ, ಪಿಂಗ್ ಮಾಡಿದಾಗಲೆಲ್ಲ ಲಾಗ್‌ನಲ್ಲಿ ‘ಅನ್‌ನೋನ್ ಐಪಿ ವರ್ಷನ್=15’ ಎಂದು ಕಾಣಬೇಕು. ಕಂಡರೆ ನಾಗಮಂಗಲಕ್ಕೆ ಹೋಗುವ ಅಗತ್ಯವಿಲ್ಲ. ಸರ್ವರ್‌ನಲ್ಲಿ ‘ಕಂಪ್ರೆಸ್ ಮೈಗ್ರೇಟ್’ ಎಂದು ಬರೆಯಿರಿ. ಹಳೆಯ ಸಾಲಿರುವ ಕ್ಲೈಂಟ್‌ಗಳನ್ನು ಸೇರಿಸಿಕೊಂಡು, ಕಂಪ್ರೆಷನ್ ಬಿಡುವಂತೆ ಸರ್ವರೇ ಅವುಗಳಿಗೆ ತಿಳಿಸುತ್ತದೆ.

ಮರುಪ್ರಶ್ನೆ:

ನೀವು ಹೇಳಿದ ಎರಡೂ ಸಾಲುಗಳು ಲಾಗ್‌ನಲ್ಲಿದ್ದವು. ಈಗ ನಾಗಮಂಗಲ ಸರಿಯಾಗಿದೆ, ಮಳವಳ್ಳಿಗೆ ನಾಳೆ ಹೋಗುತ್ತೇನೆ. ಕೆ.ಆರ್.ಪೇಟೆಯ ರೂಟರ್ ಬಾಕಿಯಿದೆ. ಅದರಲ್ಲಿರುವುದು ಓಪನ್‌ವಿಪಿಎನ್ 2.3.10, ಸೈಫರ್ ಎಇಎಸ್-256-ಸಿಬಿಸಿ, ತಯಾರಕರು ಹೊಸ ತಂತ್ರಾಂಶ ಕೊಡುವುದನ್ನು ನಿಲ್ಲಿಸಿದ್ದಾರೆ. ಹೊಸ ರೂಟರ್‌ಗೆ ಆಡಳಿತ ಮಂಡಳಿಯ ಒಪ್ಪಿಗೆ ಬೇಕು. ಇನ್ನೊಂದು ಸಂದೇಹ: ಎಲ್ಲ ಶಾಖೆಗಳಿಗೂ ಒಂದೇ ಕ್ಲೈಂಟ್ ಫೈಲ್ ಕೊಡಲು ಸಾಧ್ಯವೇ?

ಉತ್ತರ:

ಕೆ.ಆರ್.ಪೇಟೆಗೆಂದೇ ಅದೇ ಯಂತ್ರದಲ್ಲಿ ಓಪನ್‌ವಿಪಿಎನ್‌ನ ಎರಡನೆಯ ಪ್ರಕ್ರಿಯೆ ನಡೆಸಿ. ಮೊದಲನೆಯದು 1194ನೇ ಪೋರ್ಟ್‌ನಲ್ಲಿ ಇದ್ದರೆ ಇದು 1195ರಲ್ಲಿರಲಿ, ಐಪಿ ವ್ಯಾಪ್ತಿಯೂ ಬೇರೆಯಿರಲಿ. ಇದರ ‘ಡೇಟಾ-ಸೈಫರ್ಸ್’ (ಒಪ್ಪಿತ ಸೈಫರ್‌ಗಳ) ಪಟ್ಟಿಗೆ ಮಾತ್ರ ಎಇಎಸ್-256-ಸಿಬಿಸಿ ಸೇರಿಸಿ. 2.3ರ ಕ್ಲೈಂಟ್‌ಗೆ ಸೈಫರ್ ಮಾತುಕತೆ ಬಾರದಿದ್ದರೂ ತನ್ನಲ್ಲಿರುವುದು ಯಾವುದೆಂದು ಸಾಮಾನ್ಯವಾಗಿ ಹೇಳುತ್ತದೆ, ಅದು ಪಟ್ಟಿಯಲ್ಲಿದ್ದರೆ ಸರ್ವರ್ ಒಪ್ಪುತ್ತದೆ. ಆದರೆ ರೂಟರ್‌ಗಳಲ್ಲಿ ಜಾಗ ಉಳಿಸಲು ಹಾಗೆ ಹೇಳುವ ಭಾಗವನ್ನೇ ಕತ್ತರಿಸಿ ತಂತ್ರಾಂಶ ಕಟ್ಟಿರುವುದುಂಟು. ಆಗ ‘ಡೇಟಾ-ಸೈಫರ್ಸ್-ಫಾಲ್‌ಬ್ಯಾಕ್’ ಎಂದು ಅದೇ ಸೈಫರ್ ಹೆಸರನ್ನು ಬರೆಯಬೇಕಾಗುತ್ತದೆ. ಟಿಎಲ್‌ಎಸ್ 1.0ಕ್ಕೆ ಇಳಿಯುವ ಅಗತ್ಯ ಬಂದೀತೆಂದು ಅನ್ನಿಸುವುದಿಲ್ಲ, ಏಕೆಂದರೆ ಆ ನಿರ್ಬಂಧ 2.3.6 ಮತ್ತು ಅದಕ್ಕಿಂತ ಹಳೆಯ ಕ್ಲೈಂಟ್‌ಗಳದು. ಈ ಪ್ರಕ್ರಿಯೆಯಿಂದ ಬಂದವರಿಗೆ ಲೆಕ್ಕದ ಸರ್ವರ್ ಒಂದನ್ನು ಬಿಟ್ಟು ಬೇರೇನೂ ಕಾಣದಂತೆ ಫೈರ್‌ವಾಲ್ ಹಾಕಿ.

ಒಂದೇ ಫೈಲ್ ಸಾಧ್ಯ, ಆದರೆ ಎಚ್ಚರ ಬೇಕು. ‘ಡೇಟಾ-ಸೈಫರ್ಸ್’ ಎಂಬ ಹೆಸರು ಬಂದದ್ದು 2.5ರಲ್ಲಿ, 2.4ರ ಕ್ಲೈಂಟ್ ಆ ಪದವನ್ನು ಕಂಡೊಡನೆ ಪ್ರಾರಂಭವಾಗಲು ನಿರಾಕರಿಸುತ್ತದೆ. ಹಳೆಯ ಹೆಸರಾದ ‘ಎನ್‌ಸಿಪಿ-ಸೈಫರ್ಸ್’ ಅನ್ನು 2.4, 2.5, 2.6 ಮೂರೂ ಒಪ್ಪುತ್ತವೆ. ಬೇರೆ ಹೊಸ ಆಯ್ಕೆಗಳನ್ನು ಬರೆಯುವುದಾದರೆ, ಅವುಗಳಿಗಿಂತ ಮೇಲೆ ‘ಇಗ್ನೋರ್-ಅನ್‌ನೋನ್-ಆಪ್ಷನ್’ ಸಾಲಿನಲ್ಲಿ ಅವುಗಳ ಹೆಸರು ಕೊಡಿ. ಸರ್ವರ್‌ನಲ್ಲಿ ‘ವರ್ಬ್ 3’ (ಲಾಗ್‌ನ ವಿವರದ ಮಟ್ಟ) ಇಟ್ಟರೆ ಲಾಗ್‌ನ ‘ಐವಿ_ವರ್’ ಸಾಲಿನಲ್ಲಿ ಯಾವ ಶಾಖೆ ಯಾವ ಆವೃತ್ತಿಯಲ್ಲಿದೆ ಎಂಬುದು ಕಾಣುತ್ತದೆ. ಆ ಸಾಲುಗಳನ್ನು ಮುದ್ರಿಸಿ, 1195ನ್ನು ಮುಚ್ಚುವ ದಿನಾಂಕವನ್ನೂ ಬರೆದು, ರೂಟರ್ ಖರೀದಿಯ ಮನವಿಯೊಂದಿಗೆ ಆಡಳಿತ ಮಂಡಳಿಯ ಮುಂದಿಡಿ.