ಫರ್ಲಾಂಗು ಅಂದ್ರೆ ದೂರಾನಾ, ಹೊಲಾನಾ?

ಎಲ್ರಿಗೂ ನಮಸ್ಕಾರ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರಲ್ಲಿ ಲ್ಯಾಕ್ಸ್‌ಟನ್ ಅಂತ ಒಂದು ಪುಟ್ಟ ಹಳ್ಳಿ, ಅದರ ಹೊಲಗಳ ಬಗ್ಗೆ ಕನ್ನಡದಲ್ಲಿ ಬರೀತಿದೀನಿ, ಅಲ್ಲಿನ ಪದಗಳಿಗೆ ಕನ್ನಡ ಪದ ಹುಡುಕ್ತಾ ಎರಡು ದಿನದಿಂದ ಫರ್ಲಾಂಗು ಅನ್ನೋ ಒಂದೇ ಪದದ ಹತ್ರ ಬರವಣಿಗೆ ನಿಂತುಬಿಟ್ಟಿದೆ.

ನಮಗೆಲ್ಲ ಫರ್ಲಾಂಗು ಅಂದ್ರೆ ದೂರ. ನಮ್ಮಜ್ಜ "ಬಸ್ಸಿಳಿದು ಎರಡು ಫರ್ಲಾಂಗು ನಡೀಬೇಕು" ಅಂತಿದ್ರು, ಮೈಲಿಗೆ ಎಂಟು, ಒಂದಕ್ಕೆ 220 ಗಜ. ಲ್ಯಾಕ್ಸ್‌ಟನ್‌ನಲ್ಲಿ ಅದು ನೆಲದ ಹೆಸರು. ಅಲ್ಲಿ ಊರ ಸುತ್ತ ಮೂರು ದೊಡ್ಡ ಬಯಲು, ಬೇಲಿ ಇಲ್ಲ, ಒಂದೊಂದು ಬಯಲಲ್ಲೂ ಬೇರೆ ಬೇರೆ ರೈತರ ಉದ್ದುದ್ದ ಪಟ್ಟಿಗಳು, ಒಂದೇ ದಿಕ್ಕಿಗೆ ಉಳೋ ಪಟ್ಟಿಗಳ ಗುಂಪಿಗೆ ಫರ್ಲಾಂಗ್ ಅಂತಾರೆ. ಪದ ಹುಟ್ಟಿದ್ದು ನೇಗಿಲ ಸಾಲಿನ ಉದ್ದದಿಂದ, ಎತ್ತುಗಳು ದಣಿವಾರಿಸಿಕೊಳ್ಳದೆ ಎಳೆಯೋ ಅಷ್ಟು ಉದ್ದ. ಆ ಉದ್ದಕ್ಕೆ 22 ಗಜ ಅಗಲ ಹಿಡಿದ್ರೆ 4840 ಚದರ ಗಜ, ಅಂದ್ರೆ ನಮ್ಮ ಪಹಣೀಲಿರೋ ಅದೇ ಒಂದು ಎಕರೆ, ನಲವತ್ತು ಗುಂಟೆ! ಇದನ್ನ ಕಾಗದದ ಮೇಲೆ ಗುಣಿಸಿ ನೋಡಿದಾಗ ನಂಗೆ ನಿಜವಾಗ್ಲೂ ಮೈ ಜುಮ್ಮಂತು.

ದೂರಕ್ಕಾದ್ರೆ 'ಸಾಲುದ್ದ' ಅಂತ ಕಟ್ಟಬಹುದು, ಹೊಲದ ಗುಂಪಿಗೆ 'ತಾಕು' ಸರಿಹೋಗುತ್ತಾ? ನಮ್ಮ ಕಡೆ ತಾಕು ಅಂದ್ರೆ ಒಬ್ಬನದೇ ತುಂಡು, ಅದಕ್ಕೇ ಅನುಮಾನ.

ಬಾಕಿ ಪದಗಳು ಅಷ್ಟು ಕಷ್ಟ ಕೊಡಲಿಲ್ಲ. ವೆಸ್ಟ್ ಫೀಲ್ಡ್‌ಗೆ ಪಡುವಣ ಬಯಲು, ಸೌತ್ ಫೀಲ್ಡ್‌ಗೆ ತೆಂಕಣ ಬಯಲು. ಸರದಿ ಮೇಲೆ ಒಂದು ಬಯಲಿಗೆ ಗೋಧಿ, ಒಂದಕ್ಕೆ ವಸಂತದ ಬೆಳೆ, ಒಂದನ್ನ ಬೀಳು ಬಿಡ್ತಾರೆ (ಪಾಳು ಅನ್ನಬೇಡಿ, ಅದು ಹಾಳಾದದ್ದು ಅನ್ಸುತ್ತೆ, ಇದು ನೆಲಕ್ಕೆ ಕೊಡೋ ರಜೆ). ನವೆಂಬರ್ ಕೊನೆ ಹೊತ್ತಿಗೆ ಊರ ರೈತರದೇ ಒಂದು ಜ್ಯೂರಿ ಗೋಧಿ ಬಯಲಿಗಿಳಿದು, ಯಾರಾದ್ರೂ ದಾರಿಗೋ ಪಕ್ಕದವನ ಪಟ್ಟಿಗೋ ನೇಗಿಲು ಹಾಯ್ಸಿದಾರಾ ನೋಡಿ, ಗಡಿಗೆ ಗೂಟ ಹೊಡೆದು ಬರುತ್ತೆ, ಆಮೇಲೆ ಊರಿನ ಕೋರ್ಟಲ್ಲಿ ದಂಡ. ಇದಕ್ಕೆ 'ಒತ್ತುವರಿ' ಬಿಟ್ಟು ಬೇರೆ ಪದ ಹುಡುಕೋದೇ ಬೇಡ. ಮಾರ್ಕ್ ಪಿಯರ್ಸ್ 1635ರಲ್ಲಿ ಬರೆದ ಊರಿನ ನಕ್ಷೆ ಆಕ್ಸ್‌ಫರ್ಡಿನ ಬೋಡ್ಲಿಯನ್ ಲೈಬ್ರರೀಲಿದೆ, ಅದರಲ್ಲಿ ಪಟ್ಟಿ ಪಟ್ಟಿಯಾಗಿ ಹೊಲ ತೋರಿಸಿದಾರೆ.

ಇನ್ನೊಂದು ಪದ ಸೈಕ್ಸ್. ಬಯಲಿನ ಮಧ್ಯೆ ನೀರು ಹರಿಯೋ ತಗ್ಗು, ಉಳೋಕಾಗದ ಇಳಿಜಾರು, ಅಲ್ಲಿ ಬರೀ ಹುಲ್ಲು, ಬೇಸಿಗೇಲಿ ಕಾಡುಹೂವು, ಆ ಹುಲ್ಲನ್ನ ಪ್ರತಿ ವರ್ಷ ಹರಾಜು ಹಾಕ್ತಾರೆ. ನಮ್ಮ ಕಂದಾಯದ ಲೆಕ್ಕದಲ್ಲಿ ಇಂಥದ್ದು ಖರಾಬು, ಆದ್ರೆ ಅಷ್ಟು ಚಂದದ ಹುಲ್ಲಿಗೆ ಆ ಹೆಸರಿಡೋಕೆ ಮನಸ್ಸು ಬರ್ತಿಲ್ಲ. ಹಳೇ ಮೈಸೂರು ಕಡೆ ದಾಖಲೇಲಿ 'ಹುಲ್ಲುಬನ್ನಿ' ಅಂತ ಬರುತ್ತಲ್ಲ, ಅದನ್ನ ಮಾತಲ್ಲಿ ಬಳಸೋರು ಯಾರಾದ್ರೂ ಇದೀರಾ? ನಿಮ್ಮೂರಲ್ಲಿ ಅದು ದನ ಮೇಯೋ ಜಾಗಾನಾ, ಹುಲ್ಲು ಕೊಯ್ಯೋ ಜಾಗಾನಾ? ತಾಲ್ಲೂಕಿನ ಹೆಸರು ಸೇರಿಸಿ ಬರೆದ್ರೆ ಇನ್ನೂ ಒಳ್ಳೇದು.