ಗುರುತು ಸಿಕ್ಕಿತು, ಕಳ್ಳ ಸಿಕ್ಕನಾ?

ಸುಮಾ: ಮೊನ್ನೆ ಬಿಡುಗಡೆಯಾದ ಸಿನಿಮಾ ಅದೇ ಸಂಜೆ ಟೆಲಿಗ್ರಾಂನಲ್ಲಿತ್ತು. ಕಾಪಿ ಯಾವ ಥಿಯೇಟರಿನದು ಅಂತ ವಾಟರ್‌ಮಾರ್ಕ್‌ನಿಂದ, ಅಂದರೆ ಸಿನಿಮಾದೊಳಗೆ ಅಡಗಿಸಿಟ್ಟ ಗುರುತಿನಿಂದ ತಿಳಿಯುತ್ತದಂತೆ. ಆ ಥಿಯೇಟರಿಗೆ ಬೀಗ ಹಾಕಿದರೆ ಮುಗಿಯಿತಲ್ವಾ?

ಎಡಿಟಿಂಗ್ ರೂಮ್: ತಿಳಿಯುತ್ತದೆ, ನಿಜ. ಡಿಜಿಟಲ್ ಸಿನಿಮಾಕ್ಕೆ ಹಾಲಿವುಡ್ ಸ್ಟುಡಿಯೋಗಳು ಮಾಡಿದ ಡಿಸಿಐ ನಿಯಮದಲ್ಲಿ ಈ ಗುರುತು 35 ಬಿಟ್, ಅಂದರೆ 0 ಅಥವಾ 1ರ 35 ಅಂಕಿ. 19 ಬಿಟ್ ಜಾಗಕ್ಕೆ, 16 ಬಿಟ್ ದಿನ ಮತ್ತು ಹೊತ್ತಿಗೆ. 15 ನಿಮಿಷಕ್ಕೊಮ್ಮೆ ಹೊತ್ತು ಬದಲಾಗುತ್ತದೆ. 5 ನಿಮಿಷದ ತುಣುಕಿನಲ್ಲೂ ಪೂರ್ತಿ ಗುರುತು ಇರಬೇಕು. ಕಣ್ಣಿಗೆ ಕಾಣುವ ಲೋಗೋ ಅಲ್ಲ ಇದು. ಚಿತ್ರದೊಳಗೇ ಹರಡಿಕೊಂಡಿರುತ್ತದೆ. ಮೊಬೈಲಲ್ಲಿ ಓರೆಯಾಗಿ ಹಿಡಿದು ಶೂಟ್ ಮಾಡಿದರೂ ಉಳಿಯಲಿ ಅಂತಲೇ ಹಾಗೆ ಮಾಡಿರುತ್ತಾರೆ.

ರಾಘು: ಚಿತ್ರ ಒಂದು ಥಿಯೇಟರಿನದು, ಸೌಂಡ್ ಇನ್ನೊಂದರದ್ದು ಸೇರಿಸಿದರೆ?

ಎಡಿಟಿಂಗ್ ರೂಮ್: ಸೌಂಡಿಗೂ ಬೇರೆ ಗುರುತಿದೆ. ಆಗ ಎರಡು ಜಾಗ ಸಿಗುತ್ತವೆ.

ಕ್ಯಾಬಿನ್ ಆಪರೇಟರ್: ಸುಮಾ ಅಕ್ಕ, ಬೀಗ ಅಂತ ಸುಲಭವಾಗಿ ಹೇಳಬೇಡಿ. ನಮ್ಮ ತಾಲ್ಲೂಕಿನ ಥಿಯೇಟರಿಗೂ ಒಮ್ಮೆ ಹೀಗೆ ಫೋನ್ ಬಂತು. ಕಾಪಿ ನಮ್ಮ ಮ್ಯಾಟ್ನಿ ಶೋದ್ದು ಅಂದರು. ಮಾಲೀಕರು ಗೇಟ್ ಹುಡುಗನನ್ನು ಅವತ್ತೇ ಕೆಲಸದಿಂದ ತೆಗೆದರು. ಆ ಹೊತ್ತಿನಲ್ಲಿ ಅವನು ಸ್ಟ್ಯಾಂಡಿನಲ್ಲಿ ಬೈಕಿಗೆ ಟೋಕನ್ ಕೊಡುತ್ತಿದ್ದ, ಕ್ಯಾಬಿನ್ ಕಿಟಕಿಯಿಂದ ನಾನೇ ನೋಡಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಸುಮಾ: ಅಯ್ಯೋ. ಆದರೆ ನಿರ್ಮಾಪಕ ಸಾಲ ಮಾಡಿ ಸಿನಿಮಾ ಮಾಡಿರುತ್ತಾನೆ ಅಣ್ಣ. ಅವನ ಹೊಟ್ಟೆಯ ಮೇಲೆ ಹೊಡೆದವರನ್ನು ಸುಮ್ನೆ ಬಿಡೋದಾ?

ರಾಘು: ಬಿಡಬೇಕಿಲ್ಲ. 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಕಾಯ್ದೆಯಲ್ಲಿ ಕನಿಷ್ಠ 3 ತಿಂಗಳು ಜೈಲು, 3 ಲಕ್ಷ ರೂಪಾಯಿ ದಂಡ ಇದೆ. ಜೈಲು 3 ವರ್ಷದವರೆಗೆ ಹೋಗಬಹುದು. ಆದರೆ ಶಿಕ್ಷೆ ರೆಕಾರ್ಡ್ ಮಾಡಿದವನಿಗೆ. ಯಾರು ಮಾಡಿದ್ದು ಅಂತ ವಾಟರ್‌ಮಾರ್ಕ್ ಹೇಳುವುದಿಲ್ಲ.

ಎಡಿಟಿಂಗ್ ರೂಮ್: ಒಬ್ಬೊಬ್ಬರಿಗೇ ಬೇರೆ ಕಾಪಿ ಕೊಟ್ಟಾಗ ಮಾತು ಬೇರೆ. 2004ರಲ್ಲಿ ಆಸ್ಕರ್ ಅಕಾಡೆಮಿ ತನ್ನ ಸದಸ್ಯನಾಗಿದ್ದ ಒಬ್ಬ ನಟನನ್ನು ಹೊರಗೆ ಹಾಕಿತು. ಅವನಿಗೆ ನೋಡಲು ಕಳಿಸಿದ್ದ ಕಾಪಿಗಳ ಗುರುತೇ ಅವನನ್ನು ಹಿಡಿದುಕೊಟ್ಟಿತು. ಥಿಯೇಟರಿನಲ್ಲಿ ಹಾಗಲ್ಲ, ಒಂದೇ ಶೋಗೆ 400 ಜನ ಕೂತಿರಬಹುದು.

ಕ್ಯಾಬಿನ್ ಆಪರೇಟರ್: ಅದಕ್ಕೇ ಹೊತ್ತು ಗೊತ್ತಾದ ಕೂಡಲೇ ಸಿಸಿಟಿವಿ ತೆಗೆಸಿ, ಆನ್‌ಲೈನ್ ಟಿಕೆಟ್ ಪಟ್ಟಿ ನೋಡಿ. ಕ್ಯಾಮೆರಾ ಯಾವ ಎತ್ತರದಲ್ಲಿದೆ, ಪರದೆಯ ಯಾವ ಅಂಚು ಓರೆಯಾಗಿದೆ ನೋಡಿದರೆ ಬಾಲ್ಕನಿಯೋ ಕೆಳಗೋ, ಎಡವೋ ಬಲವೋ ಗೊತ್ತಾಗುತ್ತದೆ. ನಮ್ಮಲ್ಲಿ ದೂರು ಬಂದಿದ್ದು ಮೂರು ವಾರ ಕಳೆದ ಮೇಲೆ. ಅಷ್ಟರಲ್ಲಿ ಸಿಸಿಟಿವಿಯ ಹಳೆಯದು ಅಳಿಸಿ ಹೋಗಿತ್ತು.

ಸುಮಾ: ಆ ಹುಡುಗ?

ಕ್ಯಾಬಿನ್ ಆಪರೇಟರ್: ಈಗ ಗಾರ್ಮೆಂಟ್ಸ್‌ನಲ್ಲಿದ್ದಾನೆ. ಮಾಲೀಕರೇ ಆಮೇಲೆ ಕರೆದರು. ಬರಲಿಲ್ಲ.