ಟಿ ಪೈಪ್‌ಗೆ ಸ್ನ್ಯಾಪಿಹೆಕ್ಸ್‌ಮೆಶ್: ಪೈಪ್ ಬರುತ್ತಿಲ್ಲ, ಬರೀ ಡಬ್ಬಿ ಉಳಿಯುತ್ತಿದೆ

ಹರಿವು_ಹೊಸಬ:
ನಮಸ್ಕಾರ. ಓಪನ್‌ಫೋಮ್ (ಹರಿವಿನ ಲೆಕ್ಕ ಹಾಕುವ ತಂತ್ರಾಂಶ) ವಿ2312, ಫ್ರೀಕ್ಯಾಡ್ (ಮೂರು ಆಯಾಮದ ಆಕಾರ ಬಿಡಿಸುವ ತಂತ್ರಾಂಶ) 0.21, ಉಬುಂಟು. ನೀರು ಹರಿಯುವ ಟಿ ಜಾಯಿಂಟ್ ಒಂದಕ್ಕೆ ಮೆಶ್ (ಲೆಕ್ಕಕ್ಕಾಗಿ ಒಳಜಾಗವನ್ನು ಸಣ್ಣ ಸೆಲ್ಲುಗಳಾಗಿ ಒಡೆದದ್ದು) ಬೇಕಾಗಿದೆ. ಡಬ್ಬಿ ಮೆಶ್ಶನ್ನು ಆಕಾರಕ್ಕೆ ತಕ್ಕಂತೆ ಕತ್ತರಿಸಿ ಗೋಡೆಗೆ ಕೂರಿಸುವ ಸ್ನ್ಯಾಪಿಹೆಕ್ಸ್‌ಮೆಶ್ (ಸ್ನ್ಯಾಪಿ) ಬಳಸುತ್ತಿದ್ದೇನೆ. ಮುಖ್ಯ ಪೈಪಿನ ಒಳವ್ಯಾಸ 50 ಮಿ.ಮೀ., ಉದ್ದ 600 ಮಿ.ಮೀ., ಎಕ್ಸ್ ದಿಕ್ಕಿನಲ್ಲಿದೆ. ಎಕ್ಸ್ 200ರಲ್ಲಿ 25 ಮಿ.ಮೀ. ವ್ಯಾಸದ ಕವಲು ಪೈಪ್ ಝಡ್ ದಿಕ್ಕಿನಲ್ಲಿ ಮೇಲೆ 200ರವರೆಗೆ ಹೋಗುತ್ತದೆ. ಮುಖ್ಯ ಪೈಪಿನಲ್ಲಿ ಸೆಕೆಂಡಿಗೆ 1 ಮೀಟರ್, ಕವಲಿನಲ್ಲಿ 2 ಮೀಟರ್ ವೇಗ.

ಫ್ರೀಕ್ಯಾಡ್‌ನಿಂದ ಎಸ್‌ಟಿಎಲ್ (ಮೇಲ್ಮೈಯನ್ನು ತ್ರಿಕೋನಗಳಾಗಿ ಬರೆದ ಫೈಲ್) ಮಾಡಿ ಟ್ರೈಸರ್ಫೇಸ್ ಫೋಲ್ಡರಿಗೆ ಹಾಕಿದ್ದೇನೆ. ಬ್ಲಾಕ್‌ಮೆಶ್‌ನಿಂದ ಮಾಡಿದ ಹಿನ್ನೆಲೆ ಡಬ್ಬಿ ಮೀಟರ್‌ನಲ್ಲಿ ಎಕ್ಸ್ -0.01ರಿಂದ 0.61, ವೈ -0.03ರಿಂದ 0.03, ಝಡ್ -0.03ರಿಂದ 0.21, ಸೆಲ್ 20 × 20 × 20. ಲೊಕೇಶನ್‌ಇನ್‌ಮೆಶ್, ಅಂದರೆ ಉಳಿಸಬೇಕಾದ ಭಾಗದೊಳಗಿನ ಒಂದು ಬಿಂದು, (0.3 0 0). ಸ್ನ್ಯಾಪಿ ಯಾವ ಎರರ್ ಕೊಡದೆ ಮುಗಿಯುತ್ತದೆ. ಆದರೆ ಮೆಶ್ ತೋರಿಸುವ ಪ್ಯಾರಾವ್ಯೂನಲ್ಲಿ ನೋಡಿದರೆ ಪೈಪೇ ಇಲ್ಲ, ಡಬ್ಬಿ ಹಾಗೇ ಇದೆ. ಎಲ್ಲಿ ನೋಡಬೇಕು?

ಜಾಲರಿ:
ಮೊದಲು ಎಸ್‌ಟಿಎಲ್ ಮೇಲೆ ಸರ್ಫೇಸ್‌ಚೆಕ್ ಆಜ್ಞೆ ಓಡಿಸಿ. ಅದರ ಔಟ್‌ಪುಟ್‌ನಲ್ಲಿ ಮೂರು ಸಂಗತಿ ಬೇಕು: ಬೌಂಡಿಂಗ್ ಬಾಕ್ಸ್ (ಆಕಾರವನ್ನು ಸುತ್ತುವರಿಯುವ ಡಬ್ಬಿಯ ಅಳತೆ), ಮೇಲ್ಮೈ ಮುಚ್ಚಿದೆಯೇ ಇಲ್ಲವೇ ಎಂಬ ಸಾಲು, ಬಿಡಿ ಭಾಗಗಳ ಸಂಖ್ಯೆ. ಬೌಂಡಿಂಗ್ ಬಾಕ್ಸ್ 0.6 ಅಂತ ಬರದೆ 600 ಅಂತ ಬಂದಿರುತ್ತದೆ ಎಂದು ನನ್ನ ಊಹೆ. ಎಸ್‌ಟಿಎಲ್ ಫೈಲಿನೊಳಗೆ ಅಳತೆಯ ಮಾನ ಬರೆದಿರುವುದಿಲ್ಲ, ಬರೀ ಸಂಖ್ಯೆ ಇರುತ್ತದೆ. ಫ್ರೀಕ್ಯಾಡ್ ಮಿಲಿಮೀಟರ್‌ನಲ್ಲಿ ಬರೆಯುತ್ತದೆ, ಓಪನ್‌ಫೋಮ್ ಅದನ್ನೇ ಮೀಟರ್ ಎಂದು ಓದುತ್ತದೆ. ಹಾಗಾಗಿ ಈಗ ನಿಮ್ಮ ಪೈಪಿನ ವ್ಯಾಸ 50 ಮೀಟರ್. 60 ಸೆಂಟಿಮೀಟರ್ ಚಿಲ್ಲರೆ ಉದ್ದದ ಡಬ್ಬಿ ಹೆಚ್ಚುಕಡಿಮೆ ಪೂರ್ತಿ ಅದರ ಒಳಗೇ ಕೂತಿದೆ, ಎಕ್ಸ್ 0ರಲ್ಲಿರುವ ಪೈಪಿನ ಬಾಯಿ ಮಾತ್ರ ಡಬ್ಬಿಯ ಒಂದು ತುದಿಗೆ ತಾಗುತ್ತದೆ, ಸುತ್ತಲಿನ ಗೋಡೆ ತಾಗುವುದೇ ಇಲ್ಲ. ಕತ್ತರಿಸುವುದಕ್ಕೆ ಬೇರೇನೂ ಇಲ್ಲದಿದ್ದರೆ ಸ್ನ್ಯಾಪಿಯ ಲೆಕ್ಕದಲ್ಲಿ ಅದು ತಪ್ಪಲ್ಲ, ಅದಕ್ಕೇ ಎರರ್ ಇಲ್ಲ.

ಖಚಿತ ಮಾಡಿಕೊಳ್ಳಲು ಪಾಲಿಮೆಶ್ ಫೋಲ್ಡರಿನ ಬೌಂಡರಿ ಫೈಲ್ ತೆರೆಯಿರಿ. ಡಬ್ಬಿಯ ಹೊರಮೈಯ ಪ್ಯಾಚ್ (ಹೊರಮೈಯ ಹೆಸರಿಟ್ಟ ತುಂಡು) ಹಾಗೇ ಉಳಿದಿರುತ್ತದೆ, ಎಸ್‌ಟಿಎಲ್ ಹೆಸರಿನ ಪ್ಯಾಚಿನಲ್ಲಿ ಹೆಚ್ಚೆಂದರೆ ಆ ಒಂದು ತುದಿಯ ಮುಖಗಳಷ್ಟೇ ಇರುತ್ತವೆ.

ಸರ್ಫೇಸ್‌ಟ್ರಾನ್ಸ್‌ಫಾರ್ಮ್‌ಪಾಯಿಂಟ್ಸ್ ಆಜ್ಞೆಗೆ 0.001 ಸ್ಕೇಲ್ ಕೊಟ್ಟು ಹೊಸ ಎಸ್‌ಟಿಎಲ್ ಮಾಡಿಕೊಳ್ಳಿ. ಸ್ನ್ಯಾಪಿ ಡಿಕ್ಷನರಿಯ (ಸೆಟ್ಟಿಂಗ್ ಫೈಲಿನ) ಜಿಯೊಮೆಟ್ರಿ ಭಾಗದಲ್ಲೇ ಸ್ಕೇಲ್ ಬರೆಯುವ ದಾರಿಯೂ ಇದೆ, ನಾನು ಅದನ್ನು ಹೇಳುವುದಿಲ್ಲ. ಹಾಗೆ ಮಾಡಿದರೆ ಮೇಲ್ಮೈ ಮೀಟರ್‌ಗೆ ಇಳಿದು, ಅಂಚುಗಳ ಈಮೆಶ್ ಫೈಲ್ ಮಿಲಿಮೀಟರ್‌ನಲ್ಲೇ ಉಳಿಯುವ ಸಂಭವ ಹೆಚ್ಚು. ಆಮೇಲೆ ಅಂಚು ಏಕೆ ಕೂರುತ್ತಿಲ್ಲ ಎಂದು ಹುಡುಕುವುದು ದೊಡ್ಡ ತಲೆನೋವು.

ಇನ್ನೆರಡು ಸಂಗತಿಯನ್ನೂ ಈಗಲೇ ಸರಿಮಾಡಿ. ನಿಮ್ಮ ಡಬ್ಬಿಯ ಒಂದು ಸೆಲ್ 31 ಮಿ.ಮೀ. ಉದ್ದ, 3 ಮಿ.ಮೀ. ಅಗಲ, 12 ಮಿ.ಮೀ. ಎತ್ತರ. ಸ್ನ್ಯಾಪಿ ಪ್ರತಿ ಲೆವೆಲ್‌ನಲ್ಲಿ ಸೆಲ್ಲನ್ನು ಮೂರೂ ದಿಕ್ಕಿನಲ್ಲಿ ಅರ್ಧ ಮಾಡುತ್ತದೆ, ಆಕಾರವನ್ನು ಮಾತ್ರ ಬದಲಿಸುವುದಿಲ್ಲ. ಉದ್ದುದ್ದ ಸೆಲ್ ಎಷ್ಟು ಸೀಳಿದರೂ ಉದ್ದುದ್ದವೇ, ಮತ್ತು ಅಂಥ ಸೆಲ್ಲಿನ ಮೂಲೆಗಳನ್ನು ದುಂಡು ಗೋಡೆಗೆ ಎಳೆದು ಕೂರಿಸಲು ಆಗುವುದಿಲ್ಲ. ಹಿನ್ನೆಲೆ ಮೆಶ್ ಘನಾಕೃತಿಯಲ್ಲೇ ಇರಬೇಕು. ಡಬ್ಬಿಯ ಅಳತೆ 0.62 × 0.06 × 0.24 ಆದ್ದರಿಂದ 124 × 12 × 48 ಕೊಡಿ. ಸರಿಯಾಗಿ 5 ಮಿ.ಮೀ. ಘನಗಳು ಬರುತ್ತವೆ, ಒಟ್ಟು 71,424 ಸೆಲ್.

ಲೊಕೇಶನ್‌ಇನ್‌ಮೆಶ್ (0.3 0 0) ಬೇಡ. 5 ಮಿ.ಮೀ. ಜಾಲರಿಯಲ್ಲಿ ಆ ಬಿಂದು ಕರಾರುವಾಕ್ಕಾಗಿ ಸೆಲ್ಲುಗಳ ಮೂಲೆಯ ಮೇಲೆ ಬೀಳುತ್ತದೆ. ಬಿಂದು ಯಾವ ಸೆಲ್ಲಿನೊಳಗಿದೆ ಎಂದು ಸ್ನ್ಯಾಪಿಗೆ ತೀರ್ಮಾನಿಸಲು ಆಗದೆ ಹೋಗಬಹುದು. (0.3017 0.0011 0.0017) ಥರದ ಚಿಲ್ಲರೆ ಸಂಖ್ಯೆ ಕೊಡಿ, ಸೀಳಿದ ಮೇಲೂ ಯಾವ ಮುಖದ ಮೇಲೂ ಬೀಳಬಾರದು.

ಹರಿವು_ಹೊಸಬ:
ಬೌಂಡಿಂಗ್ ಬಾಕ್ಸ್ 600 ಅಂತಲೇ ಇತ್ತು. ಸ್ಕೇಲ್ ಮಾಡಿ ಡಬ್ಬಿಯನ್ನೂ ಬದಲಿಸಿದೆ, ಪೈಪ್ ಬಂತು. ಆದರೆ ಕವಲು ಪೈಪ್ ದುಂಡಗಿಲ್ಲ, ಎಂಟು ಮೂಲೆಯ ಕಂಬದಂತಿದೆ, ಉದ್ದಕ್ಕೂ ಗೆರೆಗಳಿವೆ. ಎರಡು ಪೈಪ್ ಸೇರುವ ಅಂಚು ಗರಗಸದ ಹಲ್ಲಿನಂತೆ ಬಂದಿದೆ. ಮೆಶ್ ಪರೀಕ್ಷಿಸುವ ಚೆಕ್‌ಮೆಶ್ ಆಜ್ಞೆ ಸ್ಕ್ಯೂನೆಸ್ (ಸೆಲ್ಲುಗಳ ಓರೆತನ) 6.8 ತೋರಿಸಿ ಒಂದು ಪರೀಕ್ಷೆ ಫೇಲ್ ಎನ್ನುತ್ತಿದೆ. ಇನ್‌ಲೆಟ್, ಔಟ್‌ಲೆಟ್, ಗೋಡೆ ಎಲ್ಲ ಸೇರಿ ಒಂದೇ ಪ್ಯಾಚ್ ಆಗಿದೆ. ಫ್ರೀಕ್ಯಾಡ್‌ನಲ್ಲಿ ಸರ್ಫೇಸ್ ಡೀವಿಯೇಶನ್ (ತ್ರಿಕೋನ ನಿಜ ಮೇಲ್ಮೈಯಿಂದ ದೂರವಿರಬಹುದಾದ ಮಿತಿ) 1 ಮಿ.ಮೀ., ಆಂಗ್ಯುಲರ್ ಡೀವಿಯೇಶನ್ 45 ಡಿಗ್ರಿ ಇಟ್ಟಿದ್ದೆ.

ಜಾಲರಿ:
ಆ ಎರಡು ಸಂಖ್ಯೆಯಲ್ಲೇ ಉತ್ತರ ಇದೆ. ಎಸ್‌ಟಿಎಲ್‌ನಲ್ಲಿ ವೃತ್ತ ಎಂಬುದಿಲ್ಲ, ತ್ರಿಕೋನಗಳು ಮಾತ್ರ. 12.5 ಮಿ.ಮೀ. ತ್ರಿಜ್ಯಕ್ಕೆ 1 ಮಿ.ಮೀ. ವ್ಯತ್ಯಾಸ ಒಪ್ಪಿದರೆ ಎಂಟು ಬದಿ ಸಾಕಾಗುತ್ತದೆ, ಫ್ರೀಕ್ಯಾಡ್ ಅಷ್ಟೇ ಕೊಟ್ಟಿದೆ. ಇದು ಬರೀ ನೋಟದ ಪ್ರಶ್ನೆಯಲ್ಲ. ವೃತ್ತದೊಳಗೆ ಕೂರುವ ಅಷ್ಟಭುಜದ ವಿಸ್ತೀರ್ಣ ವೃತ್ತಕ್ಕಿಂತ ಶೇ. 10ರಷ್ಟು ಕಡಿಮೆ. ಅಷ್ಟೇ ನೀರು ನೂಕಿದರೆ ಕವಲಿನ ವೇಗ ಶೇ. 11ರಷ್ಟು ಏರುತ್ತದೆ, ಒತ್ತಡದ ನಷ್ಟ ಅದಕ್ಕಿಂತ ಹೆಚ್ಚು ಏರುತ್ತದೆ. ಸಾಲ್ವರ್ (ಹರಿವಿನ ಲೆಕ್ಕ ಹಾಕುವ ಪ್ರೋಗ್ರಾಂ) ಎಷ್ಟೇ ಚೆನ್ನಾಗಿ ಕನ್ವರ್ಜ್ ಆದರೂ, ಅಂದರೆ ಒಂದು ಉತ್ತರಕ್ಕೆ ನೆಲೆಸಿದರೂ, ಈ ತಪ್ಪು ಹೋಗುವುದಿಲ್ಲ. ಸರ್ಫೇಸ್ ಡೀವಿಯೇಶನ್ 0.02 ಮಿ.ಮೀ., ಆಂಗ್ಯುಲರ್ 5 ಡಿಗ್ರಿ ಇಡಿ. ಆಗ 72 ಬದಿಗೆ ಕಡಿಮೆ ಇಲ್ಲದೆ ಬರುತ್ತದೆ, ವಿಸ್ತೀರ್ಣದ ಕೊರತೆ ಶೇ. 0.13ರೊಳಗೆ ಇರುತ್ತದೆ.

ಉದ್ದದ ಗೆರೆಗಳಿಗೂ ಮೂಲ ಅದೇ. ಎಸ್‌ಟಿಎಲ್‌ನಿಂದ ಅಂಚು ತೆಗೆಯುವ ಸರ್ಫೇಸ್‌ಫೀಚರ್‌ಎಕ್ಸ್‌ಟ್ರಾಕ್ಟ್‌ನಲ್ಲಿ ಇನ್‌ಕ್ಲೂಡೆಡ್‌ಆಂಗಲ್ 150 ಇದ್ದರೆ, ಒಳಕೋನ 150ಕ್ಕಿಂತ ಕಡಿಮೆ ಇರುವ ಪ್ರತಿ ಅಂಚನ್ನೂ ಅದು ಚೂಪು ಅಂಚು ಎಂದು ಹಿಡಿಯುತ್ತದೆ. ಅಷ್ಟಭುಜದ ಒಳಕೋನ 135. ಹಾಗಾಗಿ ಎಂಟು ಗೆರೆಗಳೂ ಸಿಕ್ಕಿಬಿದ್ದಿವೆ. 72 ಬದಿಯಾದರೆ ಒಳಕೋನ 175, ಗೆರೆಗಳು ತಾವಾಗಿಯೇ ಹೋಗುತ್ತವೆ. ಉಳಿಯುವುದು ಎರಡು ಪೈಪ್ ಸೇರುವ ತಡಿಯ ಅಂಚು ಮತ್ತು ಮೂರು ಬಾಯಿಗಳ ಅಂಚು ಮಾತ್ರ. ಮೆಶ್ ಮಾಡುವ ಮೊದಲು ಈಮೆಶ್‌ನ ಒಬಿಜೆ ಫೈಲನ್ನು ಪ್ಯಾರಾವ್ಯೂನಲ್ಲಿ ಎಸ್‌ಟಿಎಲ್ ಜೊತೆ ತೆರೆದು ಇದನ್ನು ಕಣ್ಣಾರೆ ನೋಡಿ. ಓಪನ್‌ಫೋಮ್‌ನ ಡಾಟ್ ಆರ್ಗ್ ಆವೃತ್ತಿ ಬಳಸುವವರಿಗೆ ಅಂಚು ತೆಗೆಯುವ ಆಜ್ಞೆಯ ಹೆಸರು ಸರ್ಫೇಸ್‌ಫೀಚರ್ಸ್.

ಗರಗಸದ ಹಲ್ಲು ಬರುವುದು ಅಂಚಿನ ಫೈಲ್ ಸ್ನ್ಯಾಪಿಗೆ ಸಿಗದಿದ್ದಾಗ. ಕ್ಯಾಸ್ಟಲೇಟೆಡ್‌ಮೆಶ್‌ಕಂಟ್ರೋಲ್ಸ್ ಒಳಗಿನ ಫೀಚರ್ಸ್ ಪಟ್ಟಿ ಖಾಲಿ ಇದೆಯೇ ನೋಡಿ. ಅಲ್ಲಿ ಈಮೆಶ್ ಹೆಸರು, ಲೆವೆಲ್ 2 ಕೊಡಿ. ಸ್ನ್ಯಾಪ್‌ಕಂಟ್ರೋಲ್ಸ್‌ನಲ್ಲಿ ಎಕ್ಸ್‌ಪ್ಲಿಸಿಟ್‌ಫೀಚರ್‌ಸ್ನ್ಯಾಪ್ ಟ್ರೂ, ಇಂಪ್ಲಿಸಿಟ್ ಫಾಲ್ಸ್, ಎನ್‌ಫೀಚರ್‌ಸ್ನ್ಯಾಪ್‌ಇಟರ್ 10. ಬಹುಪಾಲು ಸ್ಕ್ಯೂನೆಸ್ ಇಷ್ಟಕ್ಕೇ ಇಳಿಯುತ್ತದೆ. ಆಮೇಲೂ 4ರ ಮೇಲೆ ಉಳಿದರೆ ಫೋಮ್‌ಟುವಿಟಿಕೆಗೆ ಫೇಸ್‌ಸೆಟ್ ಆಗಿ ಸ್ಕ್ಯೂಫೇಸಸ್ ಕೊಟ್ಟು ಆ ಮುಖಗಳು ಎಲ್ಲಿವೆ ಎಂದು ನೋಡಿ. ಸಂಖ್ಯೆ ನೋಡಿ ಗಾಬರಿಯಾಗುವುದಕ್ಕಿಂತ ಜಾಗ ನೋಡುವುದು ಮುಖ್ಯ.

ಕೊಳವೆಮಾರ್ಗ:
ಪ್ಯಾಚ್ ವಿಷಯ ನಾನು ಹೇಳುತ್ತೇನೆ. ಫ್ರೀಕ್ಯಾಡ್‌ನಲ್ಲಿ ಎರಡು ಸಿಲಿಂಡರ್‌ಗಳನ್ನು ಮೊದಲು ಪಾರ್ಟ್ ವರ್ಕ್‌ಬೆಂಚಿನ ಯೂನಿಯನ್‌ನಿಂದ ಒಂದು ಮಾಡಿರಬೇಕು. ಮಾಡದೆ ಎರಡನ್ನೂ ಒಟ್ಟಿಗೆ ಎಕ್ಸ್‌ಪೋರ್ಟ್ ಮಾಡಿದರೆ ಮುಖ್ಯ ಪೈಪಿನ ಗೋಡೆ ಕವಲಿನ ಬಾಯಿಗೆ ಅಡ್ಡವಾಗಿ ಉಳಿಯುತ್ತದೆ, ಕವಲಿನ ನೀರು ಒಳಗೆ ಬರುವುದೇ ಇಲ್ಲ. ಸರ್ಫೇಸ್‌ಚೆಕ್‌ನಲ್ಲಿ ಬಿಡಿ ಭಾಗಗಳ ಸಂಖ್ಯೆ 2 ಅಂತ ಬಂದರೆ ಇದೇ ಕಾರಣ, 1 ಬರಬೇಕು.

ಯೂನಿಯನ್ ಆದ ಮೇಲೆ ಡ್ರಾಫ್ಟ್ ವರ್ಕ್‌ಬೆಂಚಿನ ಡೌನ್‌ಗ್ರೇಡ್‌ನಿಂದ ಅದನ್ನು ಮುಖಗಳಾಗಿ ಬಿಡಿಸಿ. ಮುಖ್ಯ ಒಳದಾರಿ, ಕವಲಿನ ಒಳದಾರಿ, ಹೊರದಾರಿ, ಮುಖ್ಯ ಗೋಡೆ, ಕವಲು ಗೋಡೆ: ಐದೂ ಬೇರೆ ಬೇರೆ. ಐದಕ್ಕೂ ಒಂದೇ ಡೀವಿಯೇಶನ್ ಇಟ್ಟು ಮೆಶ್ ಮಾಡಿ. ಒಂದಕ್ಕೆ 0.02, ಇನ್ನೊಂದಕ್ಕೆ 0.1 ಇಟ್ಟರೆ ಸೇರುವ ಅಂಚಿನ ಬಿಂದುಗಳು ತಾಳೆಯಾಗದೆ ಸಂದಿ ಬೀಳುತ್ತದೆ. ಎಕ್ಸ್‌ಪೋರ್ಟ್‌ನಲ್ಲಿ ಆಸ್ಕಿ ಎಸ್‌ಟಿಎಲ್ ಆರಿಸಿ, ಬೈನರಿ ಬೇಡ. ಆಸ್ಕಿ ಫೈಲಿನ ಮೊದಲ ಸಾಲಿನಲ್ಲಿ ಸಾಲಿಡ್ ಎಂಬುದರ ಮುಂದೆ, ಕೊನೆಯ ಸಾಲಿನಲ್ಲಿ ಎಂಡ್‌ಸಾಲಿಡ್ ಮುಂದೆ ನಿಮಗೆ ಬೇಕಾದ ಪ್ಯಾಚ್ ಹೆಸರು ಬರೆದು, ಕ್ಯಾಟ್ ಆಜ್ಞೆಯಿಂದ ಐದನ್ನೂ ಒಂದೇ ಫೈಲಾಗಿ ಜೋಡಿಸಿ. ಸ್ಕೇಲ್ ಮಾಡುವುದು, ಅಂಚು ತೆಗೆಯುವುದು ಎಲ್ಲ ಇದಾದ ಮೇಲೆ. ಜೋಡಿಸಿದ ಫೈಲಿನ ಮೇಲೆ ಮತ್ತೆ ಸರ್ಫೇಸ್‌ಚೆಕ್ ಓಡಿಸಿ. ಎಲ್ಲ ಅಂಚುಗಳೂ ಎರಡೆರಡು ಮುಖಕ್ಕೆ ಸೇರಿವೆ, ಮೇಲ್ಮೈ ಮುಚ್ಚಿದೆ ಎಂದು ಬಂದರೆ ಮುಂದೆ ಹೋಗಿ. ಸ್ನ್ಯಾಪಿ ಡಿಕ್ಷನರಿಯಲ್ಲಿ ಆ ಹೆಸರುಗಳನ್ನೇ ರೀಜನ್ಸ್ ಆಗಿ ಕೊಟ್ಟರೆ ಪ್ರತಿಯೊಂದಕ್ಕೂ ಬೇರೆ ಲೆವೆಲ್ ಇಡಬಹುದು.

ಇನ್ನೊಂದು ದಾರಿಯೂ ಇದೆ. ಇಷ್ಟು ಸರಳ ಆಕಾರಕ್ಕೆ ಜಿಮೆಶ್ ಎಂಬ ಬೇರೆ ಮೆಶ್ ತಂತ್ರಾಂಶ ಸಾಕು. ಅದರಲ್ಲಿ ಓಪನ್‌ಕ್ಯಾಸ್ಕೇಡ್ ಕರ್ನಲ್ ಆರಿಸಿ ಎರಡು ಸಿಲಿಂಡರ್, ಒಂದು ಬೂಲಿಯನ್ ಯೂನಿಯನ್. ಎಸ್‌ಟಿಎಲ್‌ನ ಗೊಡವೆಯೇ ಇಲ್ಲ, ಅಳತೆಯನ್ನು ನೇರ ಮೀಟರ್‌ನಲ್ಲೇ ಬರೆಯಬಹುದು. ಆದರೆ ಅಲ್ಲಿ ಎಲ್ಲರೂ ಎಡವುವ ಜಾಗ ಎರಡು. ಫಿಸಿಕಲ್ ಸರ್ಫೇಸ್‌ಗಳನ್ನು ಮಾತ್ರ ಹೆಸರಿಸಿ ಫಿಸಿಕಲ್ ವಾಲ್ಯೂಮ್ ಮರೆತರೆ ಫೈಲಿನಲ್ಲಿ ಗೋಡೆಯ ತ್ರಿಕೋನಗಳಷ್ಟೇ ಉಳಿಯುತ್ತವೆ, ಒಳಗಿನ ಸೆಲ್ ಒಂದೂ ಇರುವುದಿಲ್ಲ. ಮತ್ತೆ, ಜಿಮೆಶ್ ತಾನಾಗಿ ಉಳಿಸುವುದು 4.1 ಮಾದರಿಯ ಫೈಲ್. ಅದನ್ನು ಓಪನ್‌ಫೋಮ್‌ಗೆ ತರುವ ಜಿಮೆಶ್‌ಟುಫೋಮ್‌ಗೆ ಕೊಡುವಾಗ 2.2 ಮಾದರಿಯಲ್ಲಿ ಉಳಿಸಿ. ಸಿಗುವುದು ಟೆಟ್ರಾ (ನಾಲ್ಕು ಮುಖದ ಸೆಲ್ಲುಗಳ) ಮೆಶ್ ಆದ್ದರಿಂದ ಸಿಂಪಲ್‌ಫೋಮ್ ಸಾಲ್ವರ್‌ನಲ್ಲಿ ನಾನ್‌ಆರ್ಥೋಗನಲ್ ಕರೆಕ್ಟರ್ 1 ಅಥವಾ 2 ಇಡಿ.

ಹರಿವು_ಹೊಸಬ:
ಸ್ನ್ಯಾಪಿಯಲ್ಲೇ ಮುಂದುವರಿಸುತ್ತೇನೆ. ಐದು ಪ್ಯಾಚ್ ಬಂದವು, ಅಂಚು ನೇರವಾಗಿ ಕೂತಿತು, ಸ್ಕ್ಯೂನೆಸ್ 2.9. ಈಗ ಲೇಯರ್ (ಗೋಡೆಗೆ ಅಂಟಿದ ತೆಳು ಸೆಲ್ಲುಗಳ ಪದರ) ಬೇಕು. ಮೂರು ಲೇಯರ್, ಎಕ್ಸ್‌ಪಾನ್ಶನ್ 1.2, ಫೈನಲ್‌ಲೇಯರ್‌ಥಿಕ್‌ನೆಸ್ 0.5 (ಹೊರ ಲೇಯರ್ ಪಕ್ಕದ ಸೆಲ್ಲಿನ ಅರ್ಧ ದಪ್ಪ) ಕೊಟ್ಟೆ. ಗೋಡೆಗೆಲ್ಲ ಲೆವೆಲ್ 1. ಎರಡು ಪೈಪ್ ಸೇರುವಲ್ಲಿ ಲೇಯರ್ ಮಾಯವಾಗುತ್ತಿದೆ. ಕೆ-ಎಪ್ಸಿಲಾನ್ ಎಂಬ ಟರ್ಬುಲೆನ್ಸ್ (ಪ್ರಕ್ಷುಬ್ಧ ಹರಿವಿನ) ಮಾಡೆಲ್ ಮತ್ತು ವಾಲ್ ಫಂಕ್ಷನ್ (ಗೋಡೆ ಪಕ್ಕದ ಹರಿವನ್ನು ಸೂತ್ರದಿಂದ ಅಂದಾಜಿಸುವ ವಿಧಾನ) ಬಳಸುವ ಯೋಚನೆ.

ಜಾಲರಿ:
ಲೇಯರ್ ಉಳಿಸುವ ಸೆಟ್ಟಿಂಗ್ ಹುಡುಕುವ ಮೊದಲು, ನಿಮಗೆ ಲೇಯರ್ ಬೇಕೇ ಎಂದು ಲೆಕ್ಕ ಹಾಕೋಣ. ನೀರಿನ ಕೈನೆಮ್ಯಾಟಿಕ್ ವಿಸ್ಕಾಸಿಟಿ ಸುಮಾರು 0.000001. ಮುಖ್ಯ ಪೈಪಿನ ರೆನಾಲ್ಡ್ಸ್ ಸಂಖ್ಯೆ 1 × 0.05 / 0.000001 = 50,000. ಬ್ಲಾಸಿಯಸ್ ಸೂತ್ರದಿಂದ ಡಾರ್ಸಿ ಘರ್ಷಣಾಂಕ 0.316ನ್ನು ರೆನಾಲ್ಡ್ಸ್‌ನ ನಾಲ್ಕನೇ ಮೂಲದಿಂದ ಭಾಗಿಸಿದರೆ 0.021. ಅದನ್ನು 8ರಿಂದ ಭಾಗಿಸಿ ವರ್ಗಮೂಲ ತೆಗೆದು ವೇಗದಿಂದ ಗುಣಿಸಿದರೆ ಘರ್ಷಣ ವೇಗ 0.051 ಮೀ./ಸೆ.

ಲೆವೆಲ್ 1 ಅಂದರೆ 2.5 ಮಿ.ಮೀ. ಸೆಲ್. ವೈ ಪ್ಲಸ್ (ಗೋಡೆಯಿಂದ ದೂರ × ಘರ್ಷಣ ವೇಗ / ವಿಸ್ಕಾಸಿಟಿ) ಅಳೆಯುವುದು ಸೆಲ್ಲಿನ ನಡುಬಿಂದುವಿಗೆ, ಅಂದರೆ 1.25 ಮಿ.ಮೀ.ಗೆ. ಬರುವ ವೈ ಪ್ಲಸ್ 64. ವಾಲ್ ಫಂಕ್ಷನ್‌ಗೆ 30ರ ಮೇಲಿರಬೇಕು ಎಂಬುದು ನಿಯಮ. ಲೇಯರ್ ಇಲ್ಲದೆಯೇ ನೀವು ಸರಿಯಾದ ಜಾಗದಲ್ಲಿದ್ದೀರಿ.

ಈಗ ನಿಮ್ಮ ಮೂರು ಲೇಯರ್ ಹಾಕಿ ನೋಡಿ. ಹೊರ ಲೇಯರ್ 1.25, ನಡುವಿನದು 1.04, ಗೋಡೆಗೆ ತಾಗಿದ್ದು 0.87 ಮಿ.ಮೀ. ನಡುಬಿಂದು 0.43, ವೈ ಪ್ಲಸ್ 22. 5ರಿಂದ 30ರ ನಡುವಿನ ಈ ಬಫರ್ ಪ್ರದೇಶದಲ್ಲಿ ಲಾಗ್ ನಿಯಮವೂ ಹೊಂದುವುದಿಲ್ಲ, ಗೋಡೆಯ ಪಕ್ಕದ ನೇರ ನಿಯಮವೂ ಹೊಂದುವುದಿಲ್ಲ. ಲೇಯರ್ ಚೆನ್ನಾಗಿ ಕೂತಿದ್ದರೆ ನಿಮ್ಮ ಫಲಿತಾಂಶ ಇನ್ನೂ ಕೆಡುತ್ತಿತ್ತು. ಚಂದದ ಲೇಯರ್ ಇರುವ ಮೆಶ್ ಒಳ್ಳೆಯ ಮೆಶ್ ಎಂಬ ನಂಬಿಕೆ ಹೊಸಬರಲ್ಲಿ ಗಟ್ಟಿಯಾಗಿದೆ. ಯಾವ ಟರ್ಬುಲೆನ್ಸ್ ಮಾಡೆಲ್ ಎಂದು ಮೊದಲು ನಿಶ್ಚಯಿಸಿ, ಅದರಿಂದ ಸೆಲ್ಲಿನ ಅಳತೆಗೆ ಬರಬೇಕು.

ಕವಲಿನಲ್ಲಿ ವೇಗ ಎರಡರಷ್ಟು, ವ್ಯಾಸ ಅರ್ಧ, ಆದ್ದರಿಂದ ರೆನಾಲ್ಡ್ಸ್ ಅದೇ 50,000, ಘರ್ಷಣ ವೇಗ 0.103. ಕವಲು ಗೋಡೆಗೆ ಲೆವೆಲ್ 2, ಅಂದರೆ 1.25 ಮಿ.ಮೀ. ಕೊಟ್ಟರೆ ಅಲ್ಲೂ ವೈ ಪ್ಲಸ್ 64, ಅಡ್ಡಕ್ಕೆ 20 ಸೆಲ್ ಸಿಗುತ್ತವೆ. ಈಗಿರುವ ಲೆವೆಲ್ 1ರಲ್ಲಿ ಬರೀ 10 ಸೆಲ್, ಅದು ಸಾಲದು. ಎರಡು ಹರಿವು ಬೆರೆಯುವ ಜಾಗಕ್ಕೆ (0.17 -0.03 -0.03)ರಿಂದ (0.30 0.03 0.06)ರವರೆಗೆ ಒಂದು ಸರ್ಚಬಲ್‌ಬಾಕ್ಸ್ (ಡಬ್ಬಿಯಾಕಾರದ ಪ್ರದೇಶ) ಇಟ್ಟು ಒಳಗೆಲ್ಲ ಲೆವೆಲ್ 2 ಮಾಡಿ, ಉಳಿದ ಮುಖ್ಯ ಪೈಪಿನ ಒಳಭಾಗವೆಲ್ಲ ಲೆವೆಲ್ 1. ಎಲ್ಲ ಸೇರಿ ಎರಡೂವರೆ ಲಕ್ಷ ಸೆಲ್ಲಿನ ಆಸುಪಾಸು ಬರುತ್ತದೆ. ಎಲ್ಲೆಡೆ ಲೆವೆಲ್ 2 ಮಾಡಿದರೆ ಆರೂವರೆ ಲಕ್ಷ.

ಒಂದು ಎಚ್ಚರ: ಆ ಬಾಕ್ಸಿನಲ್ಲಿ, ಕವಲು ಸೇರುವುದಕ್ಕಿಂತ ಮುಂಚಿನ ಮುಖ್ಯ ಗೋಡೆಯಲ್ಲಿ ವೈ ಪ್ಲಸ್ 32ರ ಹತ್ತಿರ ಇಳಿಯುತ್ತದೆ. ಸ್ನ್ಯಾಪ್ ಆಗುವಾಗ ಗೋಡೆ ಪಕ್ಕದ ಸೆಲ್ಲುಗಳು ಹಿಗ್ಗಿ ಕುಗ್ಗುವುದರಿಂದ ಕೆಲವು ಕಡೆ 30ರ ಕೆಳಗೂ ಹೋಗಬಹುದು. ಬಾಕ್ಸಿನ ಆರಂಭವನ್ನು 0.17ರಿಂದ 0.185ಕ್ಕೆ ತಂದರೆ ಆ ಪಟ್ಟಿ ಕಿರಿದಾಗುತ್ತದೆ. ಕೈಲೆಕ್ಕ ಅಂದಾಜು ಮಾತ್ರ. ಸಾಲ್ವರ್ ಓಡಿದ ಮೇಲೆ ಸಿಂಪಲ್‌ಫೋಮ್‌ನ ಪೋಸ್ಟ್‌ಪ್ರೊಸೆಸ್‌ಗೆ ವೈಪ್ಲಸ್ ಫಂಕ್ಷನ್ ಕೊಟ್ಟು ಪ್ರತಿ ಪ್ಯಾಚಿನ ಕನಿಷ್ಠ, ಗರಿಷ್ಠ, ಸರಾಸರಿ ನೋಡಿ.

ಹರಿವು_ಹೊಸಬ:
ಮುಂದೆ ಕೆ-ಒಮೆಗಾ ಎಸ್‌ಎಸ್‌ಟಿ ಎಂಬ ಇನ್ನೊಂದು ಟರ್ಬುಲೆನ್ಸ್ ಮಾಡೆಲ್ ಹಾಕಿ ವೈ ಪ್ಲಸ್ 1ಕ್ಕೆ ಇಳಿಸಬೇಕಾದರೆ? ಮತ್ತೆ, ಸಾಲ್ವರ್ ಶುರುವಿನಲ್ಲೇ ವಾಲ್ ಫಂಕ್ಷನ್ ಬಗ್ಗೆ ಎರರ್ ಕೊಟ್ಟು ನಿಲ್ಲುತ್ತಿದೆ.

ಜಾಲರಿ:
ಮುಖ್ಯ ಪೈಪಿಗೆ ಗೋಡೆಯ ಮೊದಲ ಸೆಲ್ 0.04 ಮಿ.ಮೀ. ದಪ್ಪ ಬೇಕು. 1.2ರಂತೆ ಬೆಳೆಸಿದರೆ 18 ಲೇಯರಿಗೆ ಕೊನೆಯದು 0.9 ಮಿ.ಮೀ. ಆಗುತ್ತದೆ, ಒಟ್ಟು ದಪ್ಪ 5 ಮಿ.ಮೀ. ನೇರ ಪೈಪಿನಲ್ಲಿ ಸ್ನ್ಯಾಪಿ ಅದನ್ನು ಕೂರಿಸೀತು. ಆದರೆ ಟಿ ಜಾಯಿಂಟಿನ ಚೂಪು ಅಂಚಿನಲ್ಲಿ ಎರಡು ಗೋಡೆಯ ಲೇಯರ್‌ಗಳು ತೀರಾ ಬೇರೆ ದಿಕ್ಕಿಗೆ ಬೆಳೆಯಬೇಕಾಗುತ್ತದೆ. ಅಲ್ಲಿ ಮೆಶ್‌ಕ್ವಾಲಿಟಿಕಂಟ್ರೋಲ್ಸ್‌ನ ಮಿತಿ ಮೀರಿದ ಕಡೆಯೆಲ್ಲ ಸ್ನ್ಯಾಪಿ ಲೇಯರ್ ಕಿತ್ತುಹಾಕುತ್ತದೆ. ಎಷ್ಟು ಉಳಿಯಿತು ಎಂಬುದು ಲಾಗ್‌ನ ಕೊನೆಯ ಕೋಷ್ಟಕದಲ್ಲಿ ಪ್ಯಾಚ್‌ವಾರು ಶೇಕಡಾ ರೂಪದಲ್ಲಿರುತ್ತದೆ. ಲೇಯರ್ ಭಾಗದ ಫೀಚರ್‌ಆಂಗಲ್ 60ರಿಂದ 130ಕ್ಕೆ ಏರಿಸಿದರೆ ಅಂಚಿನಲ್ಲಿ ಸ್ವಲ್ಪ ಸುಧಾರಿಸುತ್ತದೆ. ನಿಜವಾದ ಫಿಟ್ಟಿಂಗ್‌ನಲ್ಲಿ ಆ ಅಂಚು ಕತ್ತಿಯಂತೆ ಚೂಪಾಗಿರುವುದಿಲ್ಲ, ಆದ್ದರಿಂದ ಫ್ರೀಕ್ಯಾಡ್‌ನಲ್ಲೇ 2 ಮಿ.ಮೀ. ಫಿಲೆಟ್ ಹಾಕಿ ಅಂಚನ್ನು ದುಂಡಗೆ ಮಾಡುವುದು ಹೆಚ್ಚು ಪ್ರಾಮಾಣಿಕ ಪರಿಹಾರ.

ಇಂಥದ್ದನ್ನು ಪರೀಕ್ಷಿಸುವಾಗ ಓವರ್‌ರೈಟ್ ಆಯ್ಕೆ ಇಲ್ಲದೆ ಸ್ನ್ಯಾಪಿ ಓಡಿಸಿ. ಡೆಲ್ಟಾಟಿ 1 ಇದ್ದರೆ ಫೋಲ್ಡರ್ 1ರಲ್ಲಿ ಬರೀ ಕತ್ತರಿಸಿದ ಮೆಶ್, 2ರಲ್ಲಿ ಗೋಡೆಗೆ ಕೂತದ್ದು, 3ರಲ್ಲಿ ಲೇಯರ್ ಬಂದದ್ದು ಸಿಗುತ್ತದೆ. ಚೆಕ್‌ಮೆಶ್ ಎಲ್ಲ ಹಂತಗಳನ್ನೂ ಓದುತ್ತದೆ, ಯಾವ ಹಂತದಲ್ಲಿ ಕೆಟ್ಟಿತು ಎಂದು ತಕ್ಷಣ ಗೊತ್ತಾಗುತ್ತದೆ.

ಎರರ್ ಬಗ್ಗೆ: ಬೌಂಡರಿ ಫೈಲಿನಲ್ಲಿ ನಿಮ್ಮ ಎರಡು ಗೋಡೆಗಳ ಟೈಪ್ ಪ್ಯಾಚ್ ಅಂತ ಇದೆಯೇ ನೋಡಿ, ವಾಲ್ ಅಂತ ಇರಬೇಕು. ಫೈಲಿನಲ್ಲೇ ತಿದ್ದಿದರೆ ಈಗಿನ ಮೆಶ್‌ಗೆ ಸಾಕು. ಮುಂದಿನ ಸಲ ತಿದ್ದುವ ಕೆಲಸ ಬೇಡವೆಂದರೆ ರಿಫೈನ್‌ಮೆಂಟ್‌ಸರ್ಫೇಸಸ್‌ನಲ್ಲಿ ಆ ಎರಡು ರೀಜನ್‌ಗೆ ಪ್ಯಾಚ್‌ಇನ್ಫೋ ಒಳಗೆ ಟೈಪ್ ವಾಲ್ ಎಂದು ಬರೆದಿಡಿ.